ಟ್ಯಾಂಕಿಯ ಬಾಯಲ್ಲಿ ಕೂತು ಮಾತಾಡುವ ಕೆಲಸ

ಇವತ್ತು ಬೆಳಿಗ್ಗೆ ನೀರಿನ ಟ್ಯಾಂಕಿ ತೊಳೆಯಲು ಬಂದವನು ಒಳಗಿಳಿದು ಕೆಮ್ಮಿದ. ಆ ಕೆಮ್ಮು ಒಳಗೇ ಸುತ್ತಿ ಗುಂಯ್ಯೆಂದು ಹೊರಬಂದಾಗ ನನಗೆ ಚಿಕ್ಕಮ್ಮನ ನೆನಪಾಯಿತು. ಟ್ಯಾಂಕಿಗೂ ಚಿಕ್ಕಮ್ಮನಿಗೂ ಎಂತ ಸಂಬಂಧ ಎಂದು ನೀವು ಕೇಳುವುದು ನ್ಯಾಯವೇ. ಸ್ವಲ್ಪ ತಡೆಯಿರಿ, ನಾನು ಸುತ್ತು ಬಳಸಿಯೇ ಹೇಳುವವನು.

ತೊಂಬತ್ತರ ಆಚೀಚೆಯ ಮಾತು. ಬೋವಿಕಾನದ ಹತ್ತಿರದ ತನ್ನ ಮನೆಯಲ್ಲಿ ಚಿಕ್ಕಮ್ಮ ಪುನರ್ಪುಳಿ ಎಂಬ ಕೆಂಪು ಹುಳಿಹಣ್ಣಿನ ಶರಬತ್ತು ಮಾಡಿ ಕಾಸರಗೋಡಿನ ಅಂಗಡಿಗಳಿಗೆ ಕೊಡಲು ಹೊರಟಿದ್ದಳು. ಮೊದಲ ವರ್ಷ ಕಬ್ಬಿಣದ ಡ್ರಮ್ಮಿನಲ್ಲಿ ತುಂಬಿಸಿಟ್ಟದ್ದು ಹುಳಿಗೆ ಕರ್ರಗಾಗಿ, ಅಷ್ಟನ್ನೂ ತೋಡಿಗೆ ಚೆಲ್ಲಬೇಕಾಯಿತು. "ಇನ್ನೊಂದು ಸಲ ಹಾಳಾದ್ರೆ ಈ ಆಟ ಸಾಕು," ಎಂದರು ಚಿಕ್ಕಪ್ಪ. ಅವಳಿಗೆ ಅದು ಆಟವಾಗಿರಲಿಲ್ಲ. ಮದುವೆಯಾಗಿ ಬಂದ ಮೇಲೆ ತನ್ನದೆಂದು ಅವಳು ಶುರುಮಾಡಿದ್ದು ಅದೊಂದೇ.

ಹಾಗೆ ಸ್ಟೀಲ್ ಟ್ಯಾಂಕಿ ಮಾಡಲು ಗ್ರೆಗೊರಿ ಪೊರ್ಬುಗಳು ಬಂದರು. ನಮ್ಮ ಕಡೆ ಕ್ರೈಸ್ತರನ್ನು ಗೌರವದಿಂದ ಕರೆಯುವುದು ಹಾಗೆ. ಗಲ್ಫಿನ ಹಾಲಿನ ಫ್ಯಾಕ್ಟರಿಯಲ್ಲಿ ಬೆಸುಗೆ ಹಾಕುತ್ತಿದ್ದವರು, ಊರಿಗೆ ಮರಳಿ ಪೇಟೆಯಲ್ಲಿ ಕಬ್ಬಿಣದ ಗೇಟು ಮಾಡುತ್ತಿದ್ದರು. ಗೇಟಿನ ಹುಡಿ ಹಾರಿ ಸ್ಟೀಲಿನ ಮೇಲೆ ಕೂತರೆ ಅಲ್ಲೇ ತುಕ್ಕು ಹಿಡಿಯುತ್ತದಂತೆ. ಅದಕ್ಕೇ ಅಂಗಡಿ ಬಿಟ್ಟು ಚಿಕ್ಕಮ್ಮನ ಮನೆಯ ಹಿಂದಿನ ಚಾವಡಿಯಲ್ಲಿ ಕೆಲಸ. ಸ್ಟೀಲಿಗೆಂದೇ ಬೇರೆ ಬ್ರಶ್ಶು, ಬೇರೆ ಸುತ್ತಿಗೆ, ಬೇರೆ ಬಟ್ಟೆ. ರಜೆಯಲ್ಲಿ ಅಲ್ಲಿಗೆ ಹೋಗಿದ್ದ ನನ್ನ ಚಪ್ಪಲಿಯನ್ನೂ ಹೊರಗೆ ಬಿಡಿಸಿದರು.

"ನಮ್ಮ ಅತ್ತೆಗೂ ಇಷ್ಟು ಮಡಿ ಇರ್ಲಿಲ್ಲ," ಎಂದಳು ಚಿಕ್ಕಮ್ಮ.

"ಅತ್ತೆ ಕ್ಷಮಿಸಿಯಾರು ಅಮ್ಮ, ಸ್ಟೀಲು ಕ್ಷಮಿಸುದಿಲ್ಲ," ಎಂದರು ಪೊರ್ಬುಗಳು.

ಇನ್ನೊಂದು ನಿಯಮವಿತ್ತು. ಬೆಸುಗೆಗೆ ಬಿಡುವ ಗ್ಯಾಸಿಗೆ ವಾಸನೆಯಿಲ್ಲ. ಒಳಗೆ ತುಂಬಿದರೆ ಮನುಷ್ಯ ಸದ್ದಿಲ್ಲದೆ ಬೀಳುತ್ತಾನೆ. ಆದ್ದರಿಂದ ಫ್ಯಾನು ಗಾಳಿ ಊದುತ್ತಿರಬೇಕು, ಟ್ಯಾಂಕಿಯ ಬಾಯಲ್ಲಿ ಒಬ್ಬರು ಕೂತು ಮಾತಾಡುತ್ತಿರಬೇಕು, ಒಳಗಿನವರು ಹೂಂಗುಟ್ಟಬೇಕು. ಹೂಂ ನಿಂತರೆ ಸೊಂಟದ ಹಗ್ಗ ಎಳೆಯಬೇಕು, ಹಿಂದೆಯೇ ಇಳಿಯಬಾರದು. ಮೊದಲು ನನ್ನನ್ನು ಕೂರಿಸಿದರು. ಮಳೆ, ಬಸ್ಸು, ಮತ್ತೆ ಮಳೆ, ಅಲ್ಲಿಗೆ ನಾನು ಬರಿದು. ಚಿಕ್ಕಮ್ಮನೋ, ಬಾಯಿ ಮುಚ್ಚು ಎಂದು ಜನ್ಮವಿಡೀ ಹೇಳಿಸಿಕೊಂಡವಳು. ಕೆಲಸ ಸಿಕ್ಕಿದ್ದೇ ತಡ, ಎಡನೀರು ಮಠದ ಊಟದಿಂದ ಹಿಡಿದು ನೆರೆಮನೆಯ ದನದವರೆಗೆ ಎಲ್ಲ ಬಂತು.

ಟ್ಯಾಂಕಿ ಮುಗಿಸಿ ತೊಳೆದಿಟ್ಟ ಮರುದಿನ ನೋಡಿದರೆ ತಳದಲ್ಲಿ, ಬೆಸುಗೆಯ ಪಕ್ಕದಲ್ಲೇ, ಬೆರಳುದ್ದದ ಕಂದು ಕಲೆ. ಪೊರ್ಬುಗಳ ಮುಖ ಬಾಡಿತು. "ನನ್ನ ಕೈಯೇ ತಪ್ಪಿದ್ದು," ಎಂದು, ಆ ಬೆಸುಗೆ ಇಡೀ ಕೊರೆದು ಹೊಸದಾಗಿ ಹಾಕಲು ಗ್ಯಾಸಿನ ಪೈಪು ಸಮೇತ ಇಳಿದರು. ಬುಟ್ಟಿಗಳಲ್ಲಿ ಪುನರ್ಪುಳಿ ಕೊಳೆಯುವ ಹಾಗಿತ್ತು. ಚಿಕ್ಕಮ್ಮ ಟ್ಯಾಂಕಿಯ ಬಾಯಲ್ಲಿ ಕೂತಳು. ಅವತ್ತು ಅವಳಿಗೂ ಮಾತು ಹೊರಡಲಿಲ್ಲ.

"ಮಾತಾಡಿ ಅಮ್ಮ," ಒಳಗಿನಿಂದ ಬಂತು.

"ಎಂತ ಮಾತಾಡುದು ಪೊರ್ಬುಗಳೇ. ಅದು ನಿಮ್ಮ ಬೆಸುಗೆಯದ್ದಲ್ಲ. ನಿನ್ನೆ ನಾನೇ ಒಳಗೆ ಹಳೇ ಪೀಶಕತ್ತಿಯ ತುಂಡು ಇಟ್ಟಿದ್ದೆ. ಟ್ಯಾಂಕಿ ಇಷ್ಟು ಹೊಳೀತದೆ, ಯಾರದ್ದಾದ್ರೂ ದೃಷ್ಟಿ ತಾಗಿದ್ರೆ? ಕಬ್ಬಿಣ ಇದ್ರೆ ತಾಗುದಿಲ್ಲ ಅಲ್ವಾ? ನಿಮ್ಮ ಮಡಿ ಕೆಲಸದ ಹೊತ್ತಿಗೆ ಮಾತ್ರ ಅಂತ ಎಣಿಸಿದೆ. ಬೆಳಿಗ್ಗೆ ಬೇಗ ತೆಗ್ದೆ."

ಹೂಂ ಬರಲಿಲ್ಲ.

"ಪೊರ್ಬುಗಳೇ, ಬೈಯುದಾದ್ರೂ ಬೈಯಿರಿ." ಅವಳು ಟ್ಯಾಂಕಿಯೊಳಗೆ ಬಗ್ಗಿದಳು. ನನಗೂ ಹೆದರಿಕೆಯಾಗಿ ಹಗ್ಗ ಎಳೆದೆ. ಒಳಗಿನಿಂದ ಪೊರ್ಬುಗಳು ಅದನ್ನು ತಿರುಗಿ ಎಳೆದರು.

"ಎಳೀಬೇಡಿ ಮಾರಾಯ್ರೆ, ಇದ್ದೇನೆ. ನಗು ಬಂದು ಮಾತು ಬರ್ಲಿಲ್ಲ. ಬೆಳಿಗ್ಗೆಯಿಂದ ನನ್ನನ್ನು ನಾನೇ ಬೈದುಕೊಳ್ತಾ ಇದ್ದೆ."

ಕಲೆ ಬರೇ ಮೇಲ್ಮೇಲಿನದು. ಕೈಗೆ ಗ್ಲೌಸು ಹಾಕಿ ಆಸಿಡ್ ಲೇಪ ಹಚ್ಚಿ ತೊಳೆದದ್ದಕ್ಕೆ ಹೋಯಿತು. ಹೊರಡುವಾಗ ಪೊರ್ಬುಗಳು ಆ ಪೀಶಕತ್ತಿಯ ತುಂಡನ್ನು ಕೇಳಿ ತರಿಸಿ ಚಾವಡಿಯ ಬಾಗಿಲ ಹೊರಗೆ ತಾವೇ ನೇತುಹಾಕಿದರು. "ದೃಷ್ಟಿಗೆ ಇಲ್ಲಿದ್ದರೆ ಸಾಕು," ಎಂದರು. ಆ ವರ್ಷದ ಶರಬತ್ತು ಕೆಂಪಾಗಿಯೇ ಉಳಿಯಿತು. ಚಿಕ್ಕಪ್ಪ ಎರಡನೇ ಲೋಟ ಕೇಳಿ ಕುಡಿದರು, ಆಟದ ಮಾತೆತ್ತಲಿಲ್ಲ.

ಇವತ್ತು ನಾನು ಕುರ್ಚಿ ಹೊತ್ತು ತಾರಸಿ ಹತ್ತಿ ಟ್ಯಾಂಕಿಯ ಬಾಯಲ್ಲಿ ಕೂತೆ. ಮಳೆಯ ಬಗ್ಗೆ ಹೇಳಿದೆ, ಬಸ್ಸಿನ ಬಗ್ಗೆ ಹೇಳಿದೆ, ನನ್ನ ಸರಕು ಮುಗಿಯಿತು. ಆಮೇಲೆ ಚಿಕ್ಕಮ್ಮನ ಕತೆ ತೆಗೆದೆ, ನಿಮಗೆ ಹೇಳಿದ್ದೇ. ಪೀಶಕತ್ತಿಯವರೆಗೆ ಬಂದು ನಿಲ್ಲಿಸಿ, ಕಿವಿಗೊಟ್ಟು ಕಾದೆ.

"ಹೂಂ, ಮತ್ತೆ?" ಎಂದ ಒಳಗಿನವನು.