ಅಜ್ಜಿಯ ಭಾಗ

ಚಿತ್ರದ ಮೇಡಂ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಹಳೆಯ ಅಂಗಿ ತೊಟ್ಟಿರುತ್ತಿದ್ದರು. ಬಣ್ಣ ಮೆತ್ತಿ ಮೆತ್ತಿ ಅದು ಗಂಜಿ ಹಾಕಿದ ಹಾಗೆ ಸೆಟೆದುಕೊಂಡಿತ್ತು. ತೋಳು ಮಡಿಸಿದರೆ ಪರಪರ ಅನ್ನುತ್ತಿತ್ತು. ಹಾಸನದ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಮಾತು ಮುರಿದ ಸಂಸಾರಗಳನ್ನು ಒಟ್ಟಿಗೆ ಕೂರಿಸಿ ಚಿತ್ರ ಬರೆಸುತ್ತಿದ್ದರು. ಯಾರ ಚಿತ್ರವನ್ನೂ ಹೊಗಳುತ್ತಿರಲಿಲ್ಲ. "ಚೆನ್ನಾಗಿದೆ ಅನ್ನೋಕೆ ಇದೇನು ಸಾರಾ?" ಅನ್ನುತ್ತಿದ್ದರು.

ನಾವು ಅರಕಲಗೂಡಿನ ಕಡೆ ಹೊಗೆಸೊಪ್ಪು ಬೆಳೆಯುವವರು. ನನ್ನ ಹೆಂಡತಿ ತೀರಿಕೊಂಡ ಮೇಲೆ ಮೊಮ್ಮಗಳು ಮಾತು ಬಿಟ್ಟಳು. ಗಂಟಲು ಸರಿಯಾಗಿದೆ ಎಂದ ಡಾಕ್ಟರು ಈ ಮೇಡಂ ಹತ್ತಿರ ಕಳಿಸಿದರು. ಇವರು, ಮಗು ಒಂದೇ ಬಂದರೆ ಆಗದು, ಮನೆಮಂದಿಯೆಲ್ಲ ಬನ್ನಿ ಎಂದರು.

ಅವಳು ಮಾತು ಬಿಟ್ಟದ್ದು ಯಾಕೆಂದು ನನಗೆ ಗೊತ್ತಿತ್ತು. ಆ ದಿನ ಮಗ, ಸೊಸೆ ಊರಲ್ಲಿರಲಿಲ್ಲ. ಹೆಂಡತಿಗೆ ಎದೆನೋವು ಬಂದು, ನನ್ನನ್ನು ಕರೆಯಲು ಮಗುವನ್ನು ಬ್ಯಾರನ್ನಿಗೆ ಕಳಿಸಿದ್ದಳು. ಬ್ಯಾರನ್ನೆಂದರೆ ಹೊಗೆಸೊಪ್ಪನ್ನು ಬಿಸಿಯಲ್ಲಿ ಬೇಯಿಸಿ ಒಣಗಿಸುವ ಮನೆ. ಉರಿ ತಪ್ಪಿದರೆ ಸೊಪ್ಪು ಕೆಡುತ್ತದೆ. "ಬತ್ತೀನಿ ಓಗು" ಅಂದೆ. ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗ ಕೇಳಿದಾಗ, "ನಂಗ್ಯಾರೂ ಹೇಳ್ಳೇ ಇಲ್ಲ ಕಣಪ್ಪ" ಅಂದುಬಿಟ್ಟೆ. ಅವನು ಮಗುವನ್ನು, "ತಾತಂಗೆ ಯಾಕೆ ಹೇಳ್ಲಿಲ್ಲ ನೀನು?" ಎಂದು ಬೈದ. ನಾನು ಅಲ್ಲೇ ನಿಂತಿದ್ದೆ.

ಮೇಡಂ ನಮ್ಮ ನಾಲ್ವರ ನಡುವೆ ದೊಡ್ಡ ಹಾಳೆಯೊಂದನ್ನು ಹಾಸಿದರು. "ಎಲ್ಲರೂ ಸೇರಿ ನಿಮ್ಮ ಮನೆ ಬರೀರಿ."

"ನಂಗೆಲ್ಲಿ ಬತ್ತದೆ ಮೇಡಮ್ಮೋರೆ ಚಿತ್ರ?"

"ಈ ಬಣ್ಣದ ಕಡ್ಡೀನ ಬೀಡಿ ಹಿಡಿದಂಗೆ ಹಿಡ್ಕೊಳಿ ಯಜಮಾನ್ರೆ, ಬರುತ್ತೆ."

ನಮ್ಮಲ್ಲಿ ನಾಲ್ಕು ಜನಕ್ಕೆ ಒಂದು ಆಸ್ತಿಯಿದ್ದರೆ ಹಿರಿಯ ಭಾಗ ಮಾಡುತ್ತಾನೆ, ಕಿರಿಯರು ಆರಿಸಿಕೊಳ್ಳುತ್ತಾರೆ. ನಾನೂ ಗೆರೆ ಎಳೆದು ಹಾಳೆಯನ್ನು ನಾಲ್ಕು ಭಾಗ ಮಾಡಿದೆ. ಜಗಳವಾಗಬಾರದಲ್ಲ. ಮಗ, ಸೊಸೆ ತಮ್ಮ ತಮ್ಮ ಭಾಗದಲ್ಲಿ ಏನೋ ಗೀಚಿದರು. ಮೊಮ್ಮಗಳು ಮಾತ್ರ ಗೆರೆಗಳ ಮೇಲೆಯೇ ಅಡ್ಡಲಾಗಿ ಮೂಗುಬೊಟ್ಟಿನ ಹೆಂಗಸೊಬ್ಬಳನ್ನು ಮಲಗಿಸಿದಳು.

"ಲೇ, ಬದು ದಾಟ್‌ಬ್ಯಾಡ ಕಣೆ" ಅಂದೆ, ಅಭ್ಯಾಸಬಲದಿಂದ.

ಮೇಡಂ ನನ್ನನ್ನು ನೋಡಿದರು. "ಅಜ್ಜಿಗೆ ಭಾಗ ಇಟ್ಟೇ ಇಲ್ವಲ್ಲ ಯಜಮಾನ್ರೆ. ಅವರೆಲ್ಲಿ ಮಲಗಬೇಕು?"

ಬಣ್ಣದ ಕಡ್ಡಿ ಕೆಳಗಿಟ್ಟೆ. "ಮಗು ಬಂದು ಕರೆದಿತ್ತು" ಅಂದೆ.

"ನನಗಲ್ಲ, ಅವಳಿಗೆ ಹೇಳಿ."

"ನೀನು ಬಂದು ಕರ್ದಿದ್ದೆ ಕಣವ್ವ. ನಾನೇ ಬರ್ಲಿಲ್ಲ. ಸುಳ್ಳೇಳ್ಬುಟ್ಟೆ."

ಮೊಮ್ಮಗಳು ತಲೆ ಎತ್ತಲಿಲ್ಲ. "ಎಲ್ಡು ಸಲ ಕರ್ದೆ" ಅಂದಳು.

ಹೌದು, ಎರಡು ಸಲ. ಇಲ್ಲಿ ಮೇಲೆ ಬರೆಯುವಾಗಲೂ ಒಂದನ್ನು ಬಿಟ್ಟಿದ್ದೇನೆ.

ಮಗ ಎದ್ದು ಹೊರಗೆ ಹೋದ. ಮೇಡಂ ನನ್ನನ್ನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನಾವು ಹೊರಡುವಾಗ ಬಾಗಿಲತನಕ ಬಂದು, "ಇನ್ನು ಅವಳು ಮಾತಾಡ್ತಾಳೆ. ನಿಮ್ಮ ಜೊತೆ ಆಡಬೇಕು ಅಂತೇನಿಲ್ಲ" ಅಂದರು.

ಹಾಗೇ ಆಯಿತು. ಅವಳೀಗ ಕಾಲೇಜಿಗೆ ಹೋಗುತ್ತಾಳೆ. ಎಲ್ಲರ ಜೊತೆ ಮಾತಾಡುತ್ತಾಳೆ, ನನ್ನ ಜೊತೆ ಇಲ್ಲ.

ಮೊನ್ನೆ ಮೇಡಂ ತೀರಿಹೋದರೆಂದು ಸೊಸೆ ಹೇಳಿದಾಗ ಬಸ್ಸು ಹತ್ತಿ ಹಾಸನದ ಅವರ ಮನೆಗೆ ಹೋದೆ. ಮೊಮ್ಮಗಳು ಆಗಲೇ ಬಂದಿದ್ದಳು. ನೀನ್ಯಾರಮ್ಮ ಎಂದು ಒಳಗೆ ಯಾರೋ ಅವಳನ್ನು ಕೇಳಿದರು. "ಚಿಕ್ಕೋಳಿದ್ದಾಗ ನಂಗೆ ಮಾತು ನಿಂತೋಗಿತ್ತು. ಇವರು ಒಂದ್ಸಲನೂ ಮಾತಾಡು ಅನ್ನಲಿಲ್ಲ" ಎಂದು ಶುರುಮಾಡಿ, ಏನೇನೋ ಹೇಳುತ್ತ ಹೋದಳು. ನಾನು ಹೊರಗೆ ಚಪ್ಪಲಿಗಳ ಮಧ್ಯೆ ನಿಂತಿದ್ದೆ. ಅಳು ಬರಲಿಲ್ಲ. ಅವಳ ದನಿ ನಿಲ್ಲುವತನಕ ಕೇಳಿಸಿಕೊಂಡೆ.