‘ಗ್ಯಾಸ್’ ಎಂದವರಿಗೆ ಸೇವಂತಿಯ ಒಂದು ಪ್ರಶ್ನೆ

ಬೆಳಿಗ್ಗೆ ಆರೂಮುಕ್ಕಾಲು. ಮುಂಬಯಿಯ ಗೋರೆಗಾಂವ್‌ನ ಖಾಸಗಿ ಆಸ್ಪತ್ರೆಯೊಂದರ ಮೂರನೇ ಮಹಡಿಯಲ್ಲಿ ಸಹಾಯಕಿ ಸೇವಂತಿ ಪೂಜಾರಿ ಸಿರಿಂಜಿಗೆ ಐದು ಮಿಲಿಲೀಟರ್ ನೀರು ತುಂಬಿಕೊಂಡು ನಿಂತಿದ್ದಾರೆ. ಹಾಸಿಗೆಯ ಮೇಲೆ ಜೋಗೇಶ್ವರಿಯ ದರ್ಜಿ ಸರ್ದಾರ. ಮೂಗಿನಿಂದ ಅನ್ನನಾಳಕ್ಕೆ ತೆಳುವಾದ ನಳಿಕೆ ಇಳಿಸಬೇಕು. ಅವರು ಮುಖ ತಿರುಗಿಸುತ್ತಾರೆ.

“ಗ್ಯಾಸ್ ಐತ್ರಿ ಅಕ್ಕಾರ. ಅಷ್ಟಕ್ಕ ಮೂಗಿನ್ಯಾಗ ಪೈಪ್ ಯಾಕ?”

“ನಿಮ್ಗೆ ನೀರೂ ಸಿಕ್ಕಿಕೊಳ್ತದಾ?”

ಸರ್ದಾರ ಮುಖವನ್ನು ಇತ್ತ ತಿರುಗಿಸುತ್ತಾರೆ. “ಹೌದ್ರಿ. ನೀರೂ.”

“ಹಾಗಾದ್ರೆ ಹತ್ತೇ ಗುಟುಕು ಮಾರಾಯ್ರೆ. ನಾನು ಹೇಳಿದಾಗ ಮಾತ್ರ ನುಂಗಿ.”

“ನನ್ನ ಹೆಂಡ್ತಿನೂ ಇಷ್ಟು ಜೋರ್ ಮಾಡಂಗಿಲ್ರಿ,” ಎನ್ನುತ್ತಲೇ ಮೂಗು ಒಡ್ಡುತ್ತಾರೆ.

ಪ್ರತಿ ಗುಟುಕಿನ ನಡುವೆ ಅರ್ಧ ನಿಮಿಷ. ಅನ್ನನಾಳದ ತುದಿಯ ಬಾಗಿಲು ತೆರೆಯುತ್ತದೋ ಇಲ್ಲವೋ ಎಂಬುದನ್ನು ಯಂತ್ರ ಅಳೆಯುತ್ತದೆ. ದಿನಕ್ಕೆ ನಾಲ್ಕೈದು ರೋಗಿಗಳು. ನೀರು ಕೊಡುವುದು, ಕೈ ಹಿಡಿಯುವುದು, ಕೆಮ್ಮಿದರೆ ಬೆನ್ನು ನೀವುವುದು ಸೇವಂತಿಯವರ ಕೆಲಸ. ವರದಿಯಲ್ಲಿ ಅವರ ಹೆಸರಿರುವುದಿಲ್ಲ.

ನಲವತ್ತೊಂಬತ್ತರ ಸೇವಂತಿ ಕಾಪುವಿನವರು. ಅಣ್ಣ ಚೆನ್ನಯ ಜೋಗೇಶ್ವರಿಯ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದರು. ನಾಲ್ಕು ವರ್ಷ ಅವರಿಗೆ ಉಂಡದ್ದು ಎದೆಯಲ್ಲೇ ನಿಲ್ಲುತ್ತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣುವ ಹೋಟೆಲಿನವರಿಗೆ ತೇಗು ಬಂದರೂ ಗ್ಯಾಸ್, ಎದೆ ಉರಿದರೂ ಗ್ಯಾಸ್. “ನಾನೇ ಓಮದ ಕಷಾಯ ಮಾಡಿ ಕೊಟ್ಟೆ, ಸೋಡಾ ಕುಡಿಸಿದೆ. ‘ದೋಸೆ ಹುಯ್ಯುವವನಿಗೇ ದೋಸೆ ಇಳಿಯುದಿಲ್ವಾ’ ಅಂತ ನಗಾಡಿದೆ ಕೂಡ.”

ಏಳು ವರ್ಷಗಳ ಹಿಂದೆ, ನಿಂತ ಆಹಾರ ನಿದ್ದೆಯಲ್ಲಿ ಶ್ವಾಸಕೋಶಕ್ಕೆ ಸೇರಿ ನ್ಯುಮೋನಿಯಾ ಆಯಿತು. ಚೆನ್ನಯ ಉಳಿಯಲಿಲ್ಲ. ಆಗ ಸೇವಂತಿ ಇದೇ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ನೆಲ ಒರೆಸುತ್ತಿದ್ದರು. ಪರೀಕ್ಷೆಯ ಕೋಣೆ ಒಂದೇ ಮಹಡಿ ಮೇಲಿತ್ತು.

ಮರುವರ್ಷ ಅವರನ್ನು ಈ ಕೋಣೆಗೆ ಹಾಕಿದರು. ವೈದ್ಯರು ರೋಗಿಯೊಬ್ಬರಿಗೆ ವಿವರಿಸುವುದು ಒಂದು ದಿನ ಕಿವಿಗೆ ಬಿತ್ತು: ಆ ಬಾಗಿಲಿನ ಸ್ನಾಯುವನ್ನು ಸಡಿಲಿಸುವುದು ನರಗಳು ಹೊಮ್ಮಿಸುವ ನೈಟ್ರಿಕ್ ಆಕ್ಸೈಡ್, ಅದೊಂದು ಅನಿಲ. ಆ ನರಗಳು ಸತ್ತರೆ ಬಾಗಿಲು ಬಿಗಿದೇ ಇರುತ್ತದೆ; ಅನ್ನವಷ್ಟೇ ಅಲ್ಲ, ನೀರೂ ಸಿಕ್ಕಿಕೊಳ್ಳುತ್ತದೆ. ನರಗಳು ಮರಳುವುದಿಲ್ಲ; ಬಲೂನಿನಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಬಾಗಿಲನ್ನು ಸಡಿಲಿಸಬಹುದು.

“ಗ್ಯಾಸ್ ಜಾಸ್ತಿ ಅಂತ ನಾವು ಹೇಳಿದ್ದು. ಅವನಿಗೆ ಬೇಕಾದ ಗ್ಯಾಸೇ ಇರ್ಲಿಲ್ಲ.”

ಚೆನ್ನಯರಿಗೆ ಪರೀಕ್ಷೆ ನಡೆದಿರಲಿಲ್ಲ. ಇದೇ ಕಾಯಿಲೆ ಎಂದು ಈಗ ಯಾರೂ ಖಚಿತವಾಗಿ ಹೇಳಲಾರರು. ಸೇವಂತಿಯವರಿಗೆ ಮಾತ್ರ ಸಂಶಯವಿಲ್ಲ.

ಸರ್ದಾರರ ಹತ್ತನೇ ಗುಟುಕು ಮುಗಿಯುತ್ತದೆ. ಹತ್ತಕ್ಕೆ ಹತ್ತೂ ಸಲ ಬಾಗಿಲು ತೆರೆದಿಲ್ಲ. ನಾಳೆಯೇ ವೈದ್ಯರನ್ನು ಕಾಣಲು ಯಂತ್ರ ನೋಡುತ್ತಿದ್ದ ತಂತ್ರಜ್ಞರು ಹೇಳುತ್ತಾರೆ. ಸರ್ದಾರ ಹೊರಟ ಮೇಲೆ, ನಿಮ್ಮದೇನಾದರೂ ಆಸೆ ಉಂಟೇ ಎಂದು ಕೇಳಿದರೆ ಸೇವಂತಿ ಸಿರಿಂಜು ಬದಲಿಸುತ್ತಲೇ ಉತ್ತರಿಸುತ್ತಾರೆ:

“ಯಾರಾದ್ರೂ ಗ್ಯಾಸ್ ಅಂದ್ರೆ, ನೀರೂ ಸಿಕ್ಕಿಕೊಳ್ತದಾ ಅಂತ ಮನೆಯವ್ರು ಒಮ್ಮೆ ಕೇಳ್ಬೇಕು. ಅಷ್ಟೇ. ಅಣ್ಣನ ಹತ್ರ ನಾನು ಕೇಳ್ಲಿಲ್ಲ.”