ಮೊದಲು ಹೆಸರು ಕೇಳು

ಮೊನ್ನೆ ಗುರುಗ್ರಾಮದ ಆಫೀಸಿನ ಲಿಫ್ಟಿನಲ್ಲಿ ಯಾರದೋ ಬೂಟ್ ಪಾಲಿಶ್ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ನಮ್ಮಲ್ಲಿ ಎಲ್ಲರೂ ಕ್ಯಾನ್ವಾಸ್ ಶೂ ಮೆಟ್ಟಿ ಬರುವವರು. ದಿನಾ ಬೂಟು ಉಜ್ಜಿ ಹೊಳೆಯಿಸಿಕೊಂಡು ಬರುತ್ತಿದ್ದವರು ಒಬ್ಬರೇ... ನಾವೆಲ್ಲ ಸುಬೇದಾರ್ ಅಂಕಲ್ ಎನ್ನುತ್ತಿದ್ದವರು.

ಕೊಡಗಿನವರು. ಸೇನೆಯಲ್ಲಿ ವೈರ್‌ಲೆಸ್ ಕೆಲಸ ಮಾಡಿ, ನಿವೃತ್ತಿಯ ಮೇಲೆ, ಗ್ರಾಹಕರ ಮಾಹಿತಿ ಇಟ್ಟ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ನಮ್ಮ ಸರ್ವರ್ ತಂಡ ಸೇರಿದ್ದರು. ಘಾಜಿಯಾಬಾದಿನಿಂದ ಮೆಟ್ರೋ ಬದಲಿಸುತ್ತ ಬಂದರೂ ನಮಗಿಂತ ಮೊದಲೇ ಕುರ್ಚಿಯಲ್ಲಿರುತ್ತಿದ್ದರು. ಅವರು ಬರೆದ ಪ್ರತಿ ಶೆಲ್ ಸ್ಕ್ರಿಪ್ಟಿನ, ಅಂದರೆ ಸರ್ವರುಗಳಿಗೆ ಸಾಲುಸಾಲಾಗಿ ಕೊಡುವ ಆಜ್ಞೆಗಳ, ಮೊದಲ ಕೆಲಸ ಒಂದೇ: ಸರ್ವರುಗಳ ಪಟ್ಟಿಯಲ್ಲಿರುವ ಐಪಿ ವಿಳಾಸಕ್ಕೆ ಹೋಗಿ, ಅಲ್ಲಿರುವ ಸರ್ವರಿನ ಹೆಸರು ಕೇಳುವುದು. ಪಟ್ಟಿಯ ಹೆಸರಿಗೆ ಅದು ತಾಳೆಯಾಗದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತಿತ್ತು. ವಿಳಾಸ ಸರಿಯಿದ್ದ ಮೇಲೆ ಹೆಸರೇಕೆ ಎಂದು ನಾನು ತಲೆಹರಟೆ ಮಾಡುತ್ತಿದ್ದೆ.

“ಮನೆ ನಂಬರ್ ಅದೇ ಇರುತ್ತಮ್ಮ, ಬಾಡಿಗೆಯವರು ಬದಲಾಗಿರ್ತಾರೆ,” ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಹಳೆಯ ಸರ್ವರುಗಳನ್ನೆಲ್ಲ ಅಳಿಸುವ ಕೆಲಸ ಬಂತು. ಸಂಜೆಯೊಳಗೆ ಮುಗಿಯಬೇಕಂತೆ. ಹದಿನೇಳನೆಯದಕ್ಕೆ ಬಂದಾಗ ಸ್ಕ್ರಿಪ್ಟ್ ನಿಂತಿತು. ಹೆಸರು ಬೇರೆ.

“ಲಿಸ್ಟ್ ಸರಿ ಇದೆ ಅಂಕಲ್. ಆ ಹೆಸರಿನ ಚೆಕ್ ತೆಗೀರಿ, ಚಲೋ,” ಎಂದ ಮ್ಯಾನೇಜರ್. ಅವನೂ ನಮ್ಮಿಬ್ಬರ ಹಾಗೆ ಕನ್ನಡದವನೇ.

“ತೆಗೆಯಲ್ಲ. ತೆಗೀಲೇಬೇಕು ಅಂದ್ರೆ ಆರ್ಡರ್ ಬರೆದು ಕೊಡಿ,” ಎಂದು ಅಂಕಲ್ ಕೈಕಟ್ಟಿ ಕುಳಿತರು.

ಅವನು ನನ್ನ ಕಡೆ ತಿರುಗಿದ. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅಂಕಲ್ ಬೇಡವೆಂದು ತಲೆಯಾಡಿಸಿದ್ದನ್ನು ಕಂಡೂ ಕಾಣದವಳಂತೆ, ನನ್ನ ಕಂಪ್ಯೂಟರಿನಲ್ಲಿ ಹೆಸರು ಕೇಳುವ ಆ ಒಂದು ಸಾಲು ಅಳಿಸಿ ಸ್ಕ್ರಿಪ್ಟ್ ಓಡಿಸಿದೆ.

ಆ ವಿಳಾಸ ಅಷ್ಟರಲ್ಲಾಗಲೇ ಹೊಸ ಸರ್ವರೊಂದರ ಪಾಲಾಗಿತ್ತು. ಅದರಲ್ಲಿದ್ದ, ಯಾವುದೋ ಆಸ್ಪತ್ರೆಯ ಒಂದು ವಾರದ ರಕ್ತಪರೀಕ್ಷೆಯ ವರದಿಗಳೆಲ್ಲ ಅಳಿಸಿಹೋದವು. ರೋಗಿಗಳು ಮತ್ತೆ ಸೂಜಿಗೆ ಕೈ ಚಾಚಬೇಕಾಯಿತು.

ವಿಚಾರಣೆಯಲ್ಲಿ ಮ್ಯಾನೇಜರ್, ಸ್ಕ್ರಿಪ್ಟಿನ ಮೇಲೆ ಅಂಕಲ್ ಹೆಸರಿದೆ, ತಪ್ಪು ಅವರದೇ ಎಂದುಬಿಟ್ಟ. ನಾನು ತುಟಿಪಿಟಕ್ಕೆನ್ನಲಿಲ್ಲ. ಅವರು ಒಂದು ಮಾತು ಆಡಿದ್ದರೆ ಅಂದೇ ನಾನು ಮನೆಗೆ. ಆಡಲಿಲ್ಲ. ಮಾಡದ ತಪ್ಪಿಗೆ ಕ್ಷಮೆ ಬರೆದುಕೊಡುವುದಿಲ್ಲ ಎಂದಷ್ಟೇ ಹೇಳಿ ಕೆಲಸ ಬಿಟ್ಟರು. ಹೋಗುವಾಗ ನನ್ನ ಮೇಜಿನ ಬಳಿ ನಿಂತರು.

“ಆ ಸಾಲು ವಾಪಸ್ ಹಾಕಮ್ಮ,” ಎಂದರು.

ಬೈದಿದ್ದರೆ ಚೆನ್ನಾಗಿತ್ತು... ಆಮೇಲೆ ಎಷ್ಟೋ ಸಲ ಫೋನ್ ಕೈಗೆತ್ತಿಕೊಂಡು ಇಟ್ಟಿದ್ದೇನೆ. ಹೋದ ಚಳಿಗಾಲದಲ್ಲಿ ತೀರಿಕೊಂಡರಂತೆ. ನನಗೆ ಗೊತ್ತಾದದ್ದು ತಿಂಗಳಾದ ಮೇಲೆ.

ಈಗ ತಂಡಕ್ಕೆ ನಾನೇ ಹಿರಿಯಳು. ಈ ವಾರ ಮತ್ತೆ ಅದೇ ರಾಗ: ಹೆಸರು ಕೇಳುತ್ತ ಕೂತರೆ ತಡವಾಗುತ್ತದೆ, ಆ ಸಾಲು ತೆಗೆದುಹಾಕಿ ಅಂತ. ಹೇಳಿದವನು ಅದೇ ಮ್ಯಾನೇಜರ್, ಈಗ ದೊಡ್ಡ ಕುರ್ಚಿಯಲ್ಲಿದ್ದಾನೆ. ತೆಗೆಯಲ್ಲ ಎಂದೆ. ಕಾರಣ ಬರೆದುಕೊಡಿ ಎಂದ. ಬರೆದೆ, ಇಡೀ ಆಫೀಸಿಗೆ ಹೋಗುವ ಹಾಗೆ ಮೇಲ್ ಬರೆದೆ. ಅಂದು ಆ ಸಾಲು ಅಳಿಸಿದವಳು ನಾನು, ಅಳಿಸೆಂದವರು ಇದೇ ಮ್ಯಾನೇಜರ್, ಬೇಡವೆಂದವರು ಅಂಕಲ್ ಒಬ್ಬರೇ. ಏನು ಬೇಕಾದರೂ ಮಾಡಿಕೊಳ್ಳಲಿ. ನನಗೆ ಹೆದರಿಕೆಯಿಲ್ಲ, ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದಕ್ಕೆ ನಾಚಿಕೆಯಿದೆ.

ಅವರಿಲ್ಲವೆಂದು ಗೊತ್ತಿದ್ದೂ ಅವರ ಹಳೆಯ ಮೇಲ್ ವಿಳಾಸವನ್ನು ಎಲ್ಲರಿಗಿಂತ ಮೊದಲು ಹಾಕಿದ್ದೆ. ಎಲ್ಲರಿಗೂ ಹೋಯಿತು. ಅದೊಂದು ಮಾತ್ರ ತಲುಪದೆ ವಾಪಸ್ ಬಂತು.